ಹಾರಂಗಿ ಹಿನ್ನೀರಲ್ಲಿ ಬೋಟ್ ಏಳ್ತಾ ಇಲ್ಲ: ಫ್ಯಾನ್ ತಿದ್ದಿಸ್ಬೇಕಾ, ಬದಲಾಯಿಸ್ಬೇಕಾ?

ಕಾಫಿ_ಕಣ:

ಎಲ್ಲರಿಗೂ ನಮಸ್ಕಾರ. ನಮ್ಮ ತೋಟ ಸುಂಟಿಕೊಪ್ಪದಿಂದ ಕೆಳಗೆ, ಹಾರಂಗಿ ಹಿನ್ನೀರಿನ ಬದಿ. ಬೋಟಿನ ಅನುಮತಿ ಕಾಗದ ಎಲ್ಲ ಸರಿ ಉಂಟು, ಆ ಚರ್ಚೆ ಇಲ್ಲಿ ಬೇಡ.

ಹೋದ ವರ್ಷ ಮಂಗಳೂರು ಕಡೆಯಿಂದ ಒಂದು ಸೆಕೆಂಡ್ ಹ್ಯಾಂಡ್ ಫೈಬರ್ ಬೋಟ್ ತಂದೆ. 15 ಅಡಿ ಉದ್ದ, ಹಿಂದೆ 40 ಎಚ್‌ಪಿಯ ಫೋರ್ ಸ್ಟ್ರೋಕ್ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂಬದಿಗೆ ಹೊರಗಿನಿಂದ ಕೂರಿಸುವ ಎಂಜಿನ್. ನೀರೊಳಗೆ ತಿರುಗುವ ಅದರ ಪ್ರೊಪೆಲ್ಲರಿಗೇ ನಾವು ಫ್ಯಾನ್ ಅನ್ನೋದು. ಕೊಡುವ ಮೊದಲು ಅಳಿವೆಯಲ್ಲಿ ಓಡಿಸಿ ತೋರಿಸಿದ್ರು. ನಾನು, ನನ್ನ ಭಾವ, ಮಾರಿದವರು, ಅವರ ಹುಡುಗ, ಹೀಗೆ ನಾಲ್ಕು ಜನ ಕೂತಿದ್ದೆವು. ಥ್ರಾಟಲ್ ತಿರುಗಿಸಿದ್ದೇ ತಡ, ಕೊಕ್ಕರೆ ಎದ್ದ ಹಾಗೆ ನೀರಿನಿಂದ ಮೇಲೆದ್ದು, ನೀರ ಮೇಲ್ಮೈಯಲ್ಲೇ ಜಾರುತ್ತಾ ಓಡಿತು. ಅಲ್ಲೇ ದುಡ್ಡು ಎಣಿಸಿ ಕೊಟ್ಟು, ಲಾರಿಗೆ ಹಾಕಿ ಸಂಪಾಜೆ ಘಾಟಿ ಹತ್ತಿಸಿ ತಂದೆ.

ಇಲ್ಲಿ ನೀರಿಗೆ ಇಳಿಸಿದ ದಿನದಿಂದ ಅದಕ್ಕೆ ಎಂತಾಯ್ತೋ ಗೊತ್ತಿಲ್ಲ. ಇಬ್ಬರಿದ್ದರೆ ಹೇಗೋ ಏಳುತ್ತೆ. ನಾಲ್ಕು ಜನ ಕೂತರೆ ಮೂಗು ಆಕಾಶಕ್ಕೆ, ಹಿಂಭಾಗ ನೀರಿಗೆ, ಎಮ್ಮೆ ಈಜಿದ ಹಾಗೆ ಹೋಗುತ್ತೆ. ಅದೇ ಬೋಟ್, ಅದೇ ಎಂಜಿನ್, ಅದೇ ಪೆಟ್ರೋಲ್. ಪ್ಲಗ್ ಬದಲಾಯಿಸಿದೆ, ಫಿಲ್ಟರ್ ಬದಲಾಯಿಸಿದೆ, ಎಂತ ಮಾಡಿದರೂ ಅಷ್ಟೇ.

ಇದರ ಮೇಲೆ ಈ ಏಪ್ರಿಲ್‌ನಲ್ಲಿ ನೀರು ಇಳಿದಿದ್ದಾಗ ಹಳೇ ಮರದ ಬೊಡ್ಡೆಯೊಂದಕ್ಕೆ ಫ್ಯಾನ್ ತಾಗಿ ಒಂದು ರೆಕ್ಕೆ ಮಡಚಿತು. ಹತ್ತಿರದ ಒಂದು ವರ್ಕ್‌ಶಾಪ್‌ನಲ್ಲಿ ಬಿಸಿ ಮಾಡಿ ಸುತ್ತಿಗೆಯಲ್ಲಿ ಬಡಿದು 'ಹೊಸತರ ಹಾಗೆ' ಮಾಡಿ ಕೊಟ್ರು. 800 ರೂಪಾಯಿ. ಆಮೇಲಿಂದ ಅರ್ಧ ಥ್ರಾಟಲ್ ದಾಟಿದ ಕೂಡಲೇ ಇಡೀ ಬೋಟ್ ನಡುಗುತ್ತೆ, ಹಲಗೆ ಮೇಲಿಟ್ಟ ಫ್ಲಾಸ್ಕ್ ತಾನಾಗಿ ನಡೆದು ಬರುತ್ತೆ.

ಯೂಟ್ಯೂಬಲ್ಲಿ ಅಮೆರಿಕದವರ ಬಾಸ್ ಬೋಟ್ (ಬಾಸ್ ಮೀನು ಹಿಡಿಯುವ ವೇಗದ ಬೋಟ್) ವಿಡಿಯೊ ನೋಡಿ ನೋಡಿ ತಲೆ ಕೆಟ್ಟಿದೆ. ಅವರು ಕನ್ನಡಿಯಂಥ ಸ್ಟೀಲ್ ಫ್ಯಾನ್ ಹಾಕಿ, ಅಂಚು ಮಡಚಿಸಿ, ಎಂಜಿನನ್ನೇ ಮೇಲೆ ಕೆಳಗೆ ಮಾಡಿ ನೀರ ಮೇಲೆ ಹಾರ್ತಾರೆ. ಭಾವ ಹೇಳ್ತಾನೆ, "ಸ್ಟೀಲ್ ಹಾಕು, ಎಲ್ಲ ಸರಿ ಹೋಗುತ್ತೆ." ಅದರ ಬೆಲೆ ಕೇಳಿದ್ರೆ ಒಂದು ಸ್ಪ್ರಿಂಕ್ಲರ್ ಲೈನ್ ಹಾಕಿಸಬಹುದು. ಈಗ ಇರುವುದು ಅಲ್ಯುಮಿನಿಯಂ, ಮೂರು ರೆಕ್ಕೆ, ಮೇಲೆ 11⅛ ಇಂಟು 13 ಅಂತ ಕೊರೆದಿದೆ. ಗೊತ್ತಿದ್ದವರು ದಾರಿ ತೋರಿಸಿ.

ಏಡಿ_ಸಾರು:

ಕಾಟ್ಲ ಮೀನು ಹಿಡಿಯೋಕೆ 40 ಎಚ್‌ಪಿ ಯಾಕೆ ಸ್ವಾಮಿ? ಹಾರಂಗಿ ಮೀನುಗಾರರು ತೆಪ್ಪದಲ್ಲಿ ಕೂತು ನಿಮಗಿಂತ ಜಾಸ್ತಿ ಹಿಡೀತಾರೆ.

ಮಲ್ಪೆ_ಮಿಸ್ತ್ರಿ:

ನಾನು ಕರಾವಳಿಯವ, ನಾಡದೋಣಿಯ ಔಟ್‌ಬೋರ್ಡ್ ಬಿಚ್ಚಿ ಕಟ್ಟಿ ಇಪ್ಪತ್ತು ವರ್ಷ ಆಯ್ತು. ನಿಮ್ಮ ಸಿಹಿನೀರಿನ ಶೋಕಿ ನನಗೆ ಗೊತ್ತಿಲ್ಲ, ಫ್ಯಾನ್ ಗೊತ್ತುಂಟು.

ಫುಲ್ ಥ್ರಾಟಲ್‌ನಲ್ಲಿ ಆರ್‌ಪಿಎಂ, ಅಂದ್ರೆ ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು, ಎಷ್ಟು ಅಂತ ನೀವು ಬರೆಯಲೇ ಇಲ್ಲ. ಅದಿಲ್ಲದೆ ಫ್ಯಾನ್ ಹೇಳುವುದು ಅಂದ್ರೆ ಮೀನು ಯಾವುದಂತ ಕೇಳದೆ ಬಲೆಯ ಕಣ್ಣು ಹೇಳಿದ ಹಾಗೆ. ನಿಮ್ಮ ಎಂಜಿನಿನ ಪುಸ್ತಕದಲ್ಲಿ 5000ದಿಂದ 6000 ಅಂತ ಇರಬಹುದು, ನೋಡಿ. ಫುಲ್ ಕೊಟ್ಟಾಗ ಸೂಜಿ ಅದರೊಳಗೆ ಬರಲೇಬೇಕು. ಬಾರದಿದ್ದರೆ ಫ್ಯಾನ್ ಭಾರ ಆಯ್ತು. ನಿಮ್ಮಲ್ಲಿ ಜೀಪ್ ಉಂಟಲ್ಲ, ಎರಡನೇ ಗೇರಿನ ಏರನ್ನು ನಾಲ್ಕನೇ ಗೇರಿನಲ್ಲಿ ಹತ್ತಿಸಿದ ಹಾಗೆ. ಹತ್ತುತ್ತದೆ, ಆದರೆ ಎಂಜಿನ್ ಒಳಗೊಳಗೇ ಸಾಯುತ್ತದೆ. ನಿಮ್ಮ ಫ್ಯಾನಿನ ಮೇಲೆ 11⅛ ಅಂದ್ರೆ ಇಂಚಿನಲ್ಲಿ ವ್ಯಾಸ, 13 ಅಂದ್ರೆ ಪಿಚ್. ಜಾರದೆ ಹೋದರೆ ಫ್ಯಾನ್ ಒಂದು ಸುತ್ತಿಗೆ 13 ಇಂಚು ಮುಂದೆ ಹೋಗಬೇಕು ಅಂತ ಲೆಕ್ಕ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ.

ದುಡ್ಡು ಖರ್ಚು ಮಾಡುವ ಮೊದಲು ಇದಿಷ್ಟು ನೋಡಿ ಮಾರ್ರೆ. ಫ್ಯಾನಿನ ನಡುವೆ ರಬ್ಬರ್ ಬುಷ್ ಉಂಟು. ಬೊಡ್ಡೆಗೆ ಬಡಿದಾಗ ಗೇರನ್ನು ಉಳಿಸಲಿಕ್ಕೆ ಅದು ಜಾರುತ್ತದೆ. ಒಮ್ಮೆ ಜಾರಿದ್ದು ಆಮೇಲೆ ಸುಮ್ಮನೆ ಜಾರುತ್ತಾ ಇರಬಹುದು: ಎಂಜಿನ್ ಕೂಗುತ್ತದೆ, ಬೋಟ್ ಹೋಗುವುದಿಲ್ಲ. ಒಳಗಿನ ಲೋಹದಿಂದ ಹೊರಗಿನ ಫ್ಯಾನಿನವರೆಗೆ ಒಂದೇ ಗೆರೆ ಪೇಂಟಿನಲ್ಲಿ ಎಳೆಯಿರಿ. ಓಡಿಸಿ ಬಂದು ನೋಡಿ. ಗೆರೆ ತುಂಡಾಗಿದ್ದರೆ ಬುಷ್ ಹೋಯ್ತು ಅಂತ ಲೆಕ್ಕ.

ಇನ್ನು ಆ 800 ರೂಪಾಯಿ ರಿಪೇರಿ. ಫ್ಯಾನ್ ಬಿಚ್ಚಿ, ಎಂಜಿನ್ ಕಡೆಯ ಬಾಯಿ ಕೆಳಗೆ ಬರುವ ಹಾಗೆ ಸಪಾಟು ಮೇಜಿನ ಮೇಲೆ, ಇಲ್ಲ ಕಡಪ ಕಲ್ಲಿನ ಮೇಲೆ ಇಡಿ. ಈಗ ಮೇಲೆ ಕಾಣುವ ಮುಖವೇ ನೀರನ್ನು ತಳ್ಳುವ ಮುಖ. ನಡುವಿನಿಂದ ರೆಕ್ಕೆಯ ತುದಿಗೆ ಇರುವ ಉದ್ದದ ಹತ್ತರಲ್ಲಿ ಏಳು ಪಾಲಿಗೆ ಒಂದು ವೃತ್ತ ಗುರುತು ಮಾಡಿ. ಆ ವೃತ್ತದ ಮೇಲೆ ಪ್ರತಿ ರೆಕ್ಕೆಗೂ 40 ಡಿಗ್ರಿ ಅಂತರದಲ್ಲಿ ಎರಡು ಚುಕ್ಕೆ. ಎರಡೂ ಚುಕ್ಕೆ ಕಲ್ಲಿನಿಂದ ಎಷ್ಟು ಎತ್ತರ ಅಂತ ಅಳೆದು, ವ್ಯತ್ಯಾಸವನ್ನು 9ರಿಂದ ಗುಣಿಸಿ. ಬಂದದ್ದೇ ಆ ರೆಕ್ಕೆಯ ಪಿಚ್. 13 ಇಂಚಿಗೆ ವ್ಯತ್ಯಾಸ ಸುಮಾರು 36 ಮುಕ್ಕಾಲು ಮಿಲಿಮೀಟರ್ ಬರಬೇಕು. ಮೂರೂ ರೆಕ್ಕೆ ಒಂದೇ ಹೇಳಬೇಕು. ಮಕ್ಕಳ ಕಂಪಾಸ್ ಬಾಕ್ಸ್ ಸಾಕು, ಬೇರೆ ಯಂತ್ರ ಬೇಡ.

ಫ್ಯಾನಿನ ಮೇಲೆ ಛತ್ರಿಯ ಹಾಗೆ ಒಂದು ಚಪ್ಪಟೆ ಪ್ಲೇಟ್ ಇರುತ್ತದಲ್ಲ, ಅದು ಬೋಟಿನ ತಳಕ್ಕಿಂತ ಎಷ್ಟು ಕೆಳಗೆ ಉಂಟು ಅಂತಲೂ ಅಳೆಯಿರಿ. ತಳದ ಸಮಕ್ಕೆ, ಇಲ್ಲ ಒಂದಿಂಚು ಮೇಲೆ ಇರಬೇಕು. ಕೆಳಗೆ ಇಳಿದಷ್ಟೂ ಎಂಜಿನಿನ ಕಾಲು ನೀರಲ್ಲಿ ಬ್ರೇಕ್ ಹಾಕಿದ ಹಾಗೆ.

ಕಾಫಿ_ಕಣ:

ಮಿಸ್ತ್ರಿಗಳೇ, ನೀವು ಹೇಳಿದ್ದಕ್ಕೆ ವಾರ ಬೇಕಾಯ್ತು. ನಡುವೆ ಎರಡು ದಿನ ಮಳೆ, ಒಂದು ದಿನ ಆನೆ. ಬಾಳೆ ಎಲ್ಲ ಮಲಗಿಸಿ ಹೋಗಿದೆ.

ಈ ಎಂಜಿನಿಗೆ ಆರ್‌ಪಿಎಂ ಮೀಟರ್ ಇರಲಿಲ್ಲ. ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತುವ ಸಣ್ಣ ಡಿಜಿಟಲ್ ಮೀಟರ್ ತರಿಸಿದೆ. ಮೊದಲ ದಿನ 9300 ತೋರಿಸಿತು! ವಿಮಾನ ಆಯ್ತೋ ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಎರಡು ಸುತ್ತಿಗೆ ಒಂದು ಕಿಡಿಯಾ, ಒಂದು ಸುತ್ತಿಗೆ ಒಂದಾ ಅಂತ ಅದರಲ್ಲಿ ಸೆಟ್ ಮಾಡಬೇಕಂತೆ. ಸರಿ ಮಾಡಿದ ಮೇಲೆ ಇಬ್ಬರು ಕೂತು ಫುಲ್ ಥ್ರಾಟಲ್‌ಗೆ 4650. ನಾಲ್ಕು ಜನರಿಗೆ 4300. ಪುಸ್ತಕದಲ್ಲಿ ನೀವು ಹೇಳಿದ ಹಾಗೆಯೇ 5000–6000.

ಫೋನಿನ ಜಿಪಿಎಸ್‌ನಲ್ಲಿ ಇಬ್ಬರಿಗೆ ಗಾಳಿಯ ಜೊತೆ 38.5 ಕಿಮೀ, ಗಾಳಿಗೆ ಎದುರು 36.5. ಸರಾಸರಿ 37.5. ನಿಂತಲ್ಲಿಂದ ನೀರ ಮೇಲೆ ಏಳಲಿಕ್ಕೆ 14 ಸೆಕೆಂಡ್. ನಾಲ್ಕು ಜನರಿದ್ದರೆ ಎಣಿಸೋದೇ ಬೇಡ, ಏಳೋದಿಲ್ಲ.

ಬುಷ್ಷಿನ ಗೆರೆ ಹಾಗೇ ಇದೆ. ರೆಕ್ಕೆಯ ಅಳತೆ ಅಡುಗೆ ಮನೆಯ ಗ್ರಾನೈಟ್ ಮೇಲೆ ತೆಗೆದೆ. ಮನೆಯಲ್ಲಿ ಬೈಗುಳ ಬಿತ್ತು, ಅದು ಬೇರೆ. ಎರಡು ರೆಕ್ಕೆಗೆ ಹತ್ತಿರ ಹತ್ತಿರ 37 ಮಿಮೀ, ಬಡಿಸಿದ ರೆಕ್ಕೆಗೆ 33. ಅಂದರೆ ಒಂದೇ ಫ್ಯಾನಲ್ಲಿ ಎರಡು ರೆಕ್ಕೆ 13ಕ್ಕೆ ತಳ್ತವೆ, ಒಂದು 12ಕ್ಕೂ ಕಮ್ಮಿ. ಫ್ಲಾಸ್ಕ್ ಯಾಕೆ ನಡೀತಿತ್ತು ಅಂತ ಗೊತ್ತಾಯ್ತು. ಮತ್ತೆ ಆ ಪ್ಲೇಟ್ ತಳಕ್ಕಿಂತ ಎರಡೂವರೆ ಇಂಚು ಕೆಳಗಿದೆ.

ಆದರೆ ಒಂದು ಮಾತು. ಮಂಗಳೂರಲ್ಲಿ ಇದೇ ಫ್ಯಾನ್, ಇದೇ ಎತ್ತರ, ಮಡಚಿರಲೂ ಇಲ್ಲ, ನಾಲ್ಕು ಜನರನ್ನು ಎತ್ತಿತ್ತಲ್ಲ? ಇಲ್ಲಿ ತಂದ ಮೊದಲ ದಿನವೂ ಮಡಚಿರಲಿಲ್ಲ, ಆದರೂ ಎತ್ತಲಿಲ್ಲ. ಇದು ನನಗೆ ಈಗಲೂ ಬಿಡಿಸಲಾಗದ ಗಂಟು.

ಸೋಂಪೇಟೆ_ಟು_ಅಲಬಾಮಾ:

ಅಣ್ಣ, ಗಂಟು ನಿಮ್ಮ ಬೋಟಲ್ಲಿಲ್ಲ, ಸಂಪಾಜೆ ಘಾಟಿಯಲ್ಲಿದೆ.

ನಾನು ಸೋಮವಾರಪೇಟೆಯವನು, ಈಗ ಅಲಬಾಮಾದಲ್ಲಿ ಗಂಟರ್ಸ್‌ವಿಲ್ ಕೆರೆಯ ಹತ್ತಿರ ಇದ್ದೇನೆ. ಟೆನೆಸಿ ನದಿಗೆ ಅಣೆಕಟ್ಟು ಕಟ್ಟಿ ಆದದ್ದು, ಹೆಸರಿಗೆ ಕೆರೆ. ಇಲ್ಲಿ ನೀರಿನ ಮಟ್ಟ ಸಮುದ್ರದಿಂದ 600 ಅಡಿಯೂ ಇಲ್ಲ. ಹಾರಂಗಿ ತುಂಬಿದರೆ 2859 ಅಡಿ. ಮಳೆಗಾಲದಲ್ಲಿ ದಿನಾ ಪೇಪರಲ್ಲಿ ಓದುವ ಅದೇ ಸಂಖ್ಯೆ! ಮೇಲೆ ಹೋದ ಹಾಗೆ ಗಾಳಿ ತೆಳು, ಪ್ರತಿ 1000 ಅಡಿಗೆ ಎಂಜಿನಿನ ಶಕ್ತಿ ಸುಮಾರು ನೂರಕ್ಕೆ 3ರಷ್ಟು ಇಳಿಯುತ್ತೆ. ಫ್ಯೂಯಲ್ ಇಂಜೆಕ್ಷನ್ ಇದ್ದರೆ ಪೆಟ್ರೋಲನ್ನು ಗಾಳಿಗೆ ತಕ್ಕಂತೆ ಹೊಂದಿಸಿಕೊಳ್ಳುತ್ತೆ, ಆದರೆ ಇಲ್ಲದ ಗಾಳಿಯನ್ನು ಎಲ್ಲಿಂದ ತರುತ್ತೆ? ನಿಮ್ಮ 40 ಎಚ್‌ಪಿ ಹಾರಂಗಿಯಲ್ಲಿ ಹೆಚ್ಚೂಕಮ್ಮಿ 36–37. ಜೊತೆಗೆ ಸಿಹಿನೀರು ಉಪ್ಪುನೀರಿಗಿಂತ ಹಗುರ, ಬೋಟ್ ಒಂದು ಕೂದಲು ಜಾಸ್ತಿ ಮುಳುಗುತ್ತೆ. ಅದು ಸಣ್ಣ ವಿಷಯ, ಬಿಡಿ. 13 ಪಿಚ್ ಕಡಲ ದಡಕ್ಕೆ ನಾಲ್ಕು ಜನರೊಂದಿಗೆ ಅಂಚಿನಲ್ಲಿ ಸರಿಯಾಗಿ ಕೂತಿತ್ತು. ಘಾಟಿ ಹತ್ತಿದ ಮೇಲೆ ಆ ಅಂಚು ದಾಟಿತು. ಅಂಚಿನಲ್ಲಿರುವ ಬೋಟಿಗೆ ಮೂರು ಎಚ್‌ಪಿ ಅಂದರೆ ಸಣ್ಣದಲ್ಲ, ಎದ್ದರೆ ಎದ್ದಿತು, ಇಲ್ಲದಿದ್ದರೆ ಇಲ್ಲ.

ಈಗ ಜಾರುವಿಕೆಯ ಲೆಕ್ಕ, ಅಂದರೆ ಪಿಚ್ ಪ್ರಕಾರ ಹೋಗಬೇಕಾದ್ದಕ್ಕಿಂತ ಬೋಟ್ ಎಷ್ಟು ಕಮ್ಮಿ ಹೋಯ್ತು ಅಂತ. ನಿಮ್ಮ ಗೇರ್ ಎರಡಕ್ಕೆ ಒಂದು ಅಂತ ಹಿಡಿದರೆ (ಪುಸ್ತಕದಲ್ಲಿ ನೋಡಿಕೊಳ್ಳಿ), 4650ಕ್ಕೆ ಫ್ಯಾನ್ 2325 ಸುತ್ತು. ಅದನ್ನು 13ರಿಂದ, ಮತ್ತೆ (ನಿಮಿಷದ ಇಂಚನ್ನು ಗಂಟೆಯ ಕಿಮೀಗೆ ತರಲಿಕ್ಕೆ) 0.001524ರಿಂದ ಗುಣಿಸಿದರೆ ಗಂಟೆಗೆ 46 ಕಿಮೀ. ನೀವು ಹೋದದ್ದು 37.5. ಹತ್ತಿರ ಹತ್ತಿರ ನೂರಕ್ಕೆ 19 ಜಾರಿದೆ. ಇಂಥ ಬೋಟಿಗೆ 10ರಿಂದ 20ರೊಳಗೆ ಸಾಮಾನ್ಯ, ನಿಮ್ಮದು ಮೇಲಿನ ತುದಿಯಲ್ಲಿದೆ. ಸೊಟ್ಟ ರೆಕ್ಕೆಯ ಕೊಡುಗೆ ಅದರಲ್ಲಿರುತ್ತೆ.

ಇನ್ನು ಸ್ಟೀಲ್. ನನ್ನದು 20 ಅಡಿಯ ಬಾಸ್ ಬೋಟ್, 250 ಎಚ್‌ಪಿ, ಸ್ಟೀಲ್ ಫ್ಯಾನ್. ಇಲ್ಲಿ ಬಾಸ್ ಬೋಟಿನವರು ಮಾಡುವ ಕಸರತ್ತೆಲ್ಲ ಮೂಗನ್ನು ಗಾಳಿಯಲ್ಲಿ ಎತ್ತಿ ಹಿಡಿಯಲಿಕ್ಕೆ. ಫ್ಯಾನ್ ಅರ್ಧಂಬರ್ಧ ನೀರ ಮೇಲ್ಮೈಯಲ್ಲಿ ತಿರುಗುತ್ತೆ, ಆಗ ಹಿಡಿತ ತಪ್ಪಬಾರದು ಅಂತ ರೆಕ್ಕೆಯ ಹಿಂದಿನ ಅಂಚನ್ನು ಚಮಚದ ತುದಿಯ ಹಾಗೆ ಮಡಚಿಸ್ತೇವೆ. ಅದಕ್ಕೇ ಕಪ್ ಅನ್ನೋದು. ಕಪ್ ಹಾಕಿದರೆ ಪಿಚ್ ಅರ್ಧದಿಂದ ಒಂದು ಇಂಚು ಜಾಸ್ತಿ ಮಾಡಿದ ಹಾಗೆ, ಆರ್‌ಪಿಎಂ ಇಳಿಯುತ್ತೆ. ನಿಮಗೆ ಬೇಕಾಗಿರುವುದು ಅದರ ಉಲ್ಟಾ! ಸ್ಟೀಲ್ ಬಾಗುವುದಿಲ್ಲ, ತೆಳು ಮಾಡಬಹುದು, ಅದಕ್ಕೇ ವೇಗ. ಆದರೆ ಬೊಡ್ಡೆಗೆ ತಾಗಿದರೆ ರೆಕ್ಕೆ ಮಡಚಿ ಪೆಟ್ಟು ನುಂಗುವ ಬದಲು ಅದನ್ನು ಶಾಫ್ಟಿಗೂ ಗೇರಿಗೂ ಕಳಿಸುತ್ತೆ. ಬುಷ್ ಎಷ್ಟು ತಡೆದೀತು? ನಾನು ಅದನ್ನು ದುಡ್ಡು ಕೊಟ್ಟು ಕಲಿತವನು.

ನನ್ನ ಸಲಹೆ: ಹೊಸ ಅಲ್ಯುಮಿನಿಯಂ, 11 ಪಿಚ್. ಇದೇ ಸಾಲಿನಲ್ಲಿ ವ್ಯಾಸ ಅರ್ಧ ಇಂಚು ದೊಡ್ಡದಿರುವ 11⅝ ಇಂಟು 11 ಸಿಗುತ್ತೆ. ಮೊದಲು ಎಂಜಿನ್ ಎತ್ತಿ ಓಡಿಸಿ ನೋಡಿ, ಆಮೇಲೆ ಫ್ಯಾನ್. ಎರಡೂ ಒಟ್ಟಿಗೆ ಮಾಡಿದರೆ ಯಾವುದರಿಂದ ಎಷ್ಟು ಅಂತ ಗೊತ್ತಾಗೋದಿಲ್ಲ.

ಅಂದ ಹಾಗೆ ಊರಲ್ಲಿ ಹೂಮಳೆ ಸರಿಯಾಗಿ ಬಿತ್ತಾ? ಅಮ್ಮ ಫೋನಲ್ಲಿ ದಿನಕ್ಕೊಂದು ಹೇಳ್ತಾರೆ.

ಮಲ್ಪೆ_ಮಿಸ್ತ್ರಿ:

ಘಾಟಿಯ ವಿಷಯ ನನ್ನ ತಲೆಗೇ ಬರಲಿಲ್ಲ. ನಾವು ಜೀವಮಾನ ಇಡೀ ಸೊನ್ನೆ ಅಡಿಯಲ್ಲಿ ಎಂಜಿನ್ ಓಡಿಸಿದವರು, ನೋಡಿ! ಒಪ್ಪಿದೆ.

ಎಂಜಿನ್ ಎತ್ತುವಾಗ ಒಂದು ಎಚ್ಚರ. ಎತ್ತಿದ ಮೇಲೆ ಎಂಜಿನಿನ ಹಿಂದಿನಿಂದ ಉಚ್ಚೆ ಹೊಯ್ದ ಹಾಗೆ ಬರುವ ತಂಪು ನೀರು ಫುಲ್ ಥ್ರಾಟಲ್‌ನಲ್ಲೂ ಹಾಗೇ ಬರಬೇಕು. ಸಣ್ಣ ಆದರೆ ನೀರೆಳೆಯುವ ತೂತು ಮೇಲೆ ಬಂತು ಅಂತ ಅರ್ಥ, ಆಫ್ ಮಾಡಿ. ಬೋಟನ್ನು ಜೋರಾಗಿ ತಿರುಗಿಸುವಾಗ ಎಂಜಿನ್ ಒಮ್ಮೆಲೇ ಕಿರುಚಿ ಬೋಟ್ ಕುಸಿದರೆ ಫ್ಯಾನ್ ಗಾಳಿ ಕುಡಿಯಿತು. ಎಂಜಿನನ್ನು ಬ್ರಾಕೆಟ್ಟಿನ ಬೋಲ್ಟ್ ತೂತಿನಲ್ಲಿ ಒಂದು ತೂತು ಕೆಳಗೆ ಇಳಿಸಿ.

ಗಾಳದ_ಮಾವ:

ಎಲ್ಲರೂ ಎಂಜಿನಿಯರ್‌ಗಳೇ. ನಾನು ಕುಶಾಲನಗರದವ, ವಾಲ್ನೂರಲ್ಲಿ ಮಹಶೀರ್ ಮೀನು ಹಿಡಿದು ಬಿಡುತ್ತಿದ್ದ ಕಾಲದಿಂದ ಗಾಳ ಹಾಕಿದವ. ಒಂದು ಕೇಳ್ತೇನೆ ಮಗ: ಫ್ಯಾನ್ ಬಿಚ್ಚಿದೆಯಲ್ಲ, ಅದರ ಹಿಂದೆ ಶಾಫ್ಟಿನ ಬುಡ ನೋಡಿದೆಯಾ? ಗಾಳದ ದಾರ ತುಂಡಾಗಿ ನೀರಿಗೆ ಬಿದ್ದದ್ದು ಅಲ್ಲಿ ಸುತ್ತಿಕೊಳ್ಳುತ್ತೆ. ನೈಲಾನ್ ದಾರ ತಿರುಗಿ ತಿರುಗಿ ಆಯಿಲ್ ಸೀಲನ್ನು ಕತ್ತರಿಸುತ್ತೆ, ಗೇರಿನೊಳಗೆ ನೀರು ಹೋಗುತ್ತೆ. ಕೆಳಗಿನ ಸ್ಕ್ರೂ ಒಂಚೂರು ಸಡಿಲಿಸಿ ಆಯಿಲ್ ನೋಡು. ಹಾಲು ಹಾಕಿದ ಕಾಫಿ ಬಣ್ಣ ಬಂದರೆ ಫ್ಯಾನಿನ ಮಾತು ಆಮೇಲೆ, ಮೊದಲು ಸೀಲ್. ನನ್ನ ಒಂದು ಗೇರ್ ಬಾಕ್ಸ್ ಹೀಗೇ ಹೋಯ್ತು, ತುಂಡು ದಾರ ಇಷ್ಟೇ ಇಷ್ಟು.

ಸಂಜೆ ಹೊತ್ತು ಬಲೆ ಬಿಟ್ಟಿರ್ತಾರೆ. ಆ ಬಡವರ ಬಲೆಗೆ ನಿನ್ನ ಫ್ಯಾನ್ ಸಿಕ್ಕಿಸಬೇಡ.

ಕರಡಿಗೋಡು_ದಡ:

ನಾನು ಕಾವೇರಿ ದಡದವ, 2019ರಲ್ಲಿ ಮನೆಯೊಳಗೆ ನೀರು ಬಂದಾಗ ಬೋಟಲ್ಲಿ ಹೊರಗೆ ಬಂದವ. ಈ ವೇಗದ ಲೆಕ್ಕದ ನಡುವೆ ಒಂದು ಮಾತು: ಸ್ಟಾರ್ಟ್ ಇರುವ ಫ್ಯಾನಿನ ಹತ್ತಿರ ಯಾರನ್ನೂ ಬೋಟಿಗೆ ಹತ್ತಿಸಬೇಡಿ. ಆಫ್ ಮಾಡುವ ಕೆಂಪು ಹಗ್ಗ ಕೈಗೆ ಕಟ್ಟಿಕೊಳ್ಳಿ, ಎಂಜಿನಿನ ಮೇಲೆ ಸುತ್ತಿ ಇಡಬೇಡಿ.

ಕಾಫಿ_ಕಣ:

ಮೂರು ವಾರದ ಮೇಲೆ ಬರೀತಾ ಇದ್ದೇನೆ.

ಮೊದಲು ಮಾವನಿಗೆ ದೊಡ್ಡ ನಮಸ್ಕಾರ. ಶಾಫ್ಟಿನ ಬುಡದಲ್ಲಿ ಹೇನಿನ ಗಾತ್ರದ ಗಂಟು ಕಟ್ಟಿಕೊಂಡು ಒಂದು ಮೊಳ ದಾರ ಇತ್ತು. ನನ್ನದೇ ದಾರ, ಬಣ್ಣ ನೋಡಿದರೆ ಗೊತ್ತಾಗುತ್ತೆ. ಆಯಿಲ್ ಮಾತ್ರ ಇನ್ನೂ ಕಪ್ಪಗೇ ಇದೆ, ಬಚಾವ್. ಎಂಜಿನ್ ಬಿಚ್ಚಿಟ್ಟದ್ದೇ ಆಯ್ತಲ್ಲ ಅಂತ ಸೀಲನ್ನೂ ಹೊಸತು ಹಾಕಿಸಿದೆ.

ಕಾಫಿ ಗೋದಾಮಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಎಂಜಿನ್ ಎತ್ತಿದೆವು. ಬ್ರಾಕೆಟ್ಟಿನ ತೂತುಗಳ ನಡುವೆ ಮುಕ್ಕಾಲು ಇಂಚು ಅಂತರ, ಎರಡು ತೂತು ಎತ್ತಿದ್ದಕ್ಕೆ ಒಂದೂವರೆ ಇಂಚು ಆಯ್ತು. ಬೋಲ್ಟಿಗೆ ಸುತ್ತ ಸೀಲೆಂಟ್ ಮೆತ್ತಿದೆ. ಹಳೇ ಸೊಟ್ಟ ಫ್ಯಾನಲ್ಲೇ, ಅದೇ ಇಬ್ಬರು, ಅದೇ ಅರ್ಧ ಟ್ಯಾಂಕ್: 4750. ಬರೀ ಎತ್ತಿದ್ದಕ್ಕೇ ನೂರು!

ಆಮೇಲೆ ಹೊಸ 11 ಪಿಚ್ ಹಾಕಿದೆ. ಇಬ್ಬರಿಗೆ 5200. ವೇಗ ಎರಡೂ ಕಡೆಯ ಸರಾಸರಿ 38.5. ಒಂದು ಕಿಲೋಮೀಟರ್ ಜಾಸ್ತಿ ಆಯ್ತಷ್ಟೇ, ಭಾವ ನಕ್ಕ. ಆದರೆ ಏಳುವುದು ನೋಡಬೇಕು: 14 ಸೆಕೆಂಡ್ ಇದ್ದದ್ದು 6. ಜಾರುವಿಕೆ ಲೆಕ್ಕ ಹಾಕಿದೆ, ನೂರಕ್ಕೆ 12ರ ಒಳಗೆ. ಫ್ಲಾಸ್ಕ್ ಇಟ್ಟಲ್ಲೇ ಕೂತಿದೆ. ನಾಲ್ಕು ಜನರಿದ್ದರೆ 11 ಸೆಕೆಂಡಿಗೆ ಎದ್ದಿತು, ಆರ್‌ಪಿಎಂ 4950. ಆ ನಾಲ್ವರಲ್ಲಿ ಒಬ್ಬ ಭಾವ, ತೂಕ 108 ಕೆಜಿ, ಅವನನ್ನು ಮುಂದೆ ಕೂರಿಸಿದ್ದಕ್ಕೆ ಮೂಗು ಬೇಗ ಇಳಿಯಿತು. ಇಷ್ಟು ದಿನಕ್ಕೆ ಅವನು ಬೋಟಿಗೆ ಮಾಡಿದ ಒಂದೇ ಉಪಕಾರ.

ತಿರುಗಿಸುವಾಗ ಒಂದು ಸಲ ಕಿರುಚಿತು. ಮಿಸ್ತ್ರಿಗಳು ಹೇಳಿದ್ದು ನೆನಪಾಗಿ ಥ್ರಾಟಲ್ ಬಿಟ್ಟೆ, ಸರಿ ಹೋಯ್ತು. ಜೋರಾಗಿ ತಿರುಗಿಸುವ ಕೆಲಸ ನನಗಿಲ್ಲ, ಹಾಗಾಗಿ ಇಳಿಸಲಿಲ್ಲ. ತಂಪು ನೀರು ಚೆನ್ನಾಗಿಯೇ ಬರ್ತಿದೆ.

4950 ಅಂದರೆ 5000ಕ್ಕೆ ಐವತ್ತು ಕಮ್ಮಿ. ಇದಕ್ಕೆ 10 ಪಿಚ್‌ಗೆ ಹೋಗಬೇಕಾ?

ಮಲ್ಪೆ_ಮಿಸ್ತ್ರಿ:

ಯಾವಾಗಲೂ ನಾಲ್ಕು ಜನ ಅಂದ್ರೆ 10 ಹಾಕಿ. ಅಪರೂಪಕ್ಕೆ ಅಂದ್ರೆ ಬೇಡ, ಫುಲ್ ಥ್ರಾಟಲ್ ಹಿಡಿದುಕೊಂಡೇ ಇರಬೇಡಿ ಅಷ್ಟೇ. ಎದ್ದ ಮೇಲೆ 4000ಕ್ಕೆ ಇಳಿಸಿ, ಪೆಟ್ರೋಲೂ ಉಳಿಯುತ್ತದೆ.

ಸೋಂಪೇಟೆ_ಟು_ಅಲಬಾಮಾ:

ಭಾವನನ್ನು ದಡದಲ್ಲಿ ಬಿಟ್ಟರೆ 10ರ ಖರ್ಚು ಉಳಿಯುತ್ತೆ.

ಕಾಫಿ_ಕಣ:

ಅವನು ಇದನ್ನು ಓದ್ತಾನೆ ಮಾರಾಯ.

ಸರಿ, 11ರಲ್ಲೇ ಇರ್ತೇನೆ. ಹಳೇ 13ರ ಫ್ಯಾನ್ ಗೋದಾಮಿನಲ್ಲಿದೆ. ಎರಡು ರೆಕ್ಕೆ ನೆಟ್ಟಗೆ, ಒಂದು ಸೊಟ್ಟ, ಬುಷ್ ಗಟ್ಟಿ. ಸರಿಯಾದ ಜಿಗ್ (ಅಳತೆಯ ಅಚ್ಚು) ಇಟ್ಟು ತಿದ್ದುವವರು ಕಡಲ ಕಡೆ ಯಾರಾದರೂ ಇದ್ದರೆ ಹೇಳಿ, ಸಂಪಾಜೆ ಬಸ್ಸಿಗೆ ಹಾಕಿ ಕಳಿಸ್ತೇನೆ. ಘಾಟಿ ಇಳಿದರೆ ಅದಕ್ಕೆ ಕೆಲಸ ಉಂಟು.